ಶಿಕ್ಷೆ ಆಗುವ ಮೊದಲೇ ಪರಿಹಾರ ತಂದೆವು

"ಮೊದಲು ಶಿಕ್ಷೆ ಆಗಲಿ, ಆಮೇಲೆ ದುಡ್ಡಿನ ಮಾತು." ಎರಡು ವರ್ಷ ಇದನ್ನೇ ಕೇಳಿದೆ. ವಕೀಲರೂ ಅಂದರು, ಜೊತೆಗೆ ಕೆಲಸ ಮಾಡುವವರೂ ಅಂದರು. ಈಗ ಮೂವರು ಹುಡುಗರ ಪಾಸ್‌ಬುಕ್ಕಿಗೆ ಮಧ್ಯಂತರ ಪರಿಹಾರ, ಅಂದರೆ ಕೇಸು ಮುಗಿಯುವ ಮೊದಲೇ ಸಿಗುವ ದುಡ್ಡು, ಬಿದ್ದಿದೆ. ಪೋಕ್ಸೋ ಕೇಸು, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು, ಇನ್ನೂ ಸಾಕ್ಷಿ ಹಂತದಲ್ಲೇ ಇದೆ.

ಹುಡುಗರು ನಾಲ್ವರು, ಘಟ್ಟದ ಮೇಲಿನ ಒಂದು ಹಾಸ್ಟೆಲ್ಲಿನವರು. ಯಾವ ಹಾಸ್ಟೆಲ್ ಅಂತ ಬರೆಯಲ್ಲ. ಬರೆದರೆ ಮಕ್ಕಳ ಗುರುತು ಸಿಕ್ಕಿಬಿಡುತ್ತದೆ. ನಾನು ಅವರ ಸಪೋರ್ಟ್ ಪರ್ಸನ್, ಅಂದರೆ ಕೇಸು ನಡೆಯುವಾಗ ಮಕ್ಕಳ ಜೊತೆಗಿದ್ದು ನೆರವಾಗುವವಳು.

ಮೊದಲ ಅರ್ಜಿಯನ್ನು ನಾಲ್ವರದ್ದೂ ಸೇರಿಸಿ ಒಂದು ಕಚೇರಿಗೆ ಕೊಟ್ಟೆ. ಏಳೆಂಟು ತಿಂಗಳು ಕಪಾಟಿನಲ್ಲಿ ಕೂತು, ತೀರ್ಪಿನ ಪ್ರತಿ ಇಲ್ಲ ಅಂತ ವಾಪಸ್ ಬಂತು. ಎರಡನೆಯದನ್ನು ವಿಶೇಷ ಕೋರ್ಟಿಗೆ ಹಾಕಿದೆವು. ಅದರಲ್ಲಿ ಮಕ್ಕಳ ಸಂಕಟ ಪುಟಗಟ್ಟಲೆ ಇತ್ತು, ಖರ್ಚಿನ ಲೆಕ್ಕ ಒಂದು ಸಾಲೂ ಇರಲಿಲ್ಲ. ನಾವೇ ಹಿಂದಕ್ಕೆ ತಗೊಂಡೆವು. ಆ ತಪ್ಪು ಪೂರ್ತಿ ನನ್ನದು.

ಅಷ್ಟರಲ್ಲಿ ನನ್ನ ಕೈಯಿಂದ ಹದಿನೆಂಟು ಸಾವಿರದ ಹತ್ತಿರ ಖರ್ಚಾಗಿತ್ತು. ಶಿರಸಿಯಿಂದ ಕಾರವಾರಕ್ಕೆ ಹೋಗಿಬಂದರೆ ಒಂದು ದಿನವೇ ಮುಗಿಯಿತು, ಅಲ್ವಾ? 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಯಲ್ಲಾಪುರ ಸುತ್ತಿ ಹೋದೆವು. ಒಬ್ಬ ತಾಯಿ ನಾಟಿ ಕೂಲಿ ಬಿಟ್ಟು ಬಂದಿದ್ದಳು. "ಅಕ್ಕಾ, ಇನ್ನೆಷ್ಟು ಸಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ಸಲ ಒಬ್ಬೊಬ್ಬನದ್ದು ಬೇರೆ ಬೇರೆ ಅರ್ಜಿ. 2020ರ ಪೋಕ್ಸೋ ನಿಯಮಗಳಲ್ಲಿ 9ನೆಯದು ಪರಿಹಾರದ ಬಗ್ಗೆ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲೂ ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಖುಲಾಸೆಯಾದರೂ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಈ ಸಲ ನಾನು ಒತ್ತು ಕೊಟ್ಟದ್ದು ಖರ್ಚಿನ ಲೆಕ್ಕಕ್ಕೆ. ಆಪ್ತ ಸಮಾಲೋಚನೆಯ ಫೀಸು, ಬಸ್ ಟಿಕೆಟ್, ತಪ್ಪಿದ ವರ್ಷದ ಟ್ಯೂಷನ್, ತಾಯಂದಿರ ಕೂಲಿ. ಒಬ್ಬ ಹುಡುಗ ಕತ್ತಲಲ್ಲಿ ಮಲಗುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಕ್ಕಾಗಲ್ಲ. ಅವನ ತಾಯಿ ಚಾರ್ಜಿಂಗ್ ಬಲ್ಬ್ ತಂದಿದ್ದಳು, 450 ರೂಪಾಯಿ. ಆ ಬಿಲ್ಲನ್ನೂ ಹಚ್ಚಿದೆ.

ತಾರೀಖುಗಳದ್ದು ಬೇರೆಯೇ ಪಾಡು. ಶಾಲೆ ಯಾವಾಗ ಬಿಟ್ಟೆ ಅಂದರೆ ಮಕ್ಕಳಿಗೆ ನೆನಪಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೋದೆ, ಹುಡುಗರ ಬಾಯಿ ಕಟ್ಟಿಹೋಯಿತು. ಕೊನೆಗೆ ಹಳೆಯ ಕ್ಯಾಲೆಂಡರ್ ಹಾಸಿ ಸುಮ್ನೆ ಕೂತೆ. "ಮಾರಿಜಾತ್ರೆ ಮುಗಿದ ವಾರ," ಅಂದ ಒಬ್ಬ. ಅಂದರೆ 2022ರ ಮಾರ್ಚ್. ಇನ್ನೊಬ್ಬ ಗಣಪತಿ ಬಿಟ್ಟ ಮಾರನೇ ದಿನದ ಮೇಲೆ ಬೆರಳಿಟ್ಟ. ಹಾಸ್ಟೆಲ್ಲಿನಲ್ಲಿ ಏನಾಯಿತು ಅಂತ ನಾನು ಕೇಳಲೇ ಇಲ್ಲ, ಅದು ಕೋರ್ಟಿನ ಮುಂದೆ ಹೇಳುವ ಮಾತು. ಶಾಲೆಯ ಹಾಜರಿ ಪುಸ್ತಕಕ್ಕೆ ಹುಡುಗರ ದಿನಗಳು ಹೆಚ್ಚುಕಡಿಮೆ ತಾಳೆಯಾದವು. ಇಷ್ಟು ಚೊಕ್ಕ ಫೈಲನ್ನು ಈ ಜಿಲ್ಲೆಯಲ್ಲಿ ನಾನಂತೂ ನೋಡಿಲ್ಲ. ಕಾಗದಗಳನ್ನು ಯಾವ ಕ್ರಮದಲ್ಲಿ ಇಟ್ಟೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಎದುರು ಪಕ್ಷದವರೂ ಓದುತ್ತಾರೆ.

ಆದೇಶ ಬಂತು, ತಲಾ ಒಂದು ಲಕ್ಷದ ಆಸುಪಾಸು. ನಿಯಮದಲ್ಲಿ 30 ದಿನ ಅಂತಿದೆ, ಖಾತೆಗೆ ಬರಲು ಮೂರು ತಿಂಗಳಾಯಿತು. ನಾಲ್ಕನೆಯವನದ್ದು ಇನ್ನೂ ಬಂದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಅಫಿಡವಿಟ್ ಮಾಡಿಸಿದ್ದೇವೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅವನ ತಾಯಿಯೂ ನಾನೂ ಹೊರಡುತ್ತೇವೆ.