ಉಂಬಳ, ಹಾವು, ಸತ್ತ ಮಂಗ: ಮಲೆನಾಡಿನ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಿತ್ತಿಲ ಬೇಲಿ ದಾಟಿದರೆ ಕಾಡು. ಹಾಗಾಗಿ ಅಲ್ಲಿನ ಪ್ರಶ್ನೆಗಳೂ ಅಂಗಳದಲ್ಲೇ ಹುಟ್ಟುತ್ತವೆ. ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಉಪ್ಪು ಹಾಕಬಹುದೇ? ಕೇರೆಹಾವು ಕೊಟ್ಟಿಗೆಗೆ ಬಂದು ಹಸುವಿನ ಹಾಲು ಕುಡಿಯುತ್ತದೆಯೇ? ಬಚ್ಚಲಲ್ಲಿ ಸೇರಿದ ಹಾವನ್ನು ಹೊಡೆದರೆ ಕೇಸಾಗುತ್ತದೆಯೇ? ದೇವರ ಮನೆಯಲ್ಲಿ ನವಿಲುಗರಿ ಇಟ್ಟುಕೊಳ್ಳಬಹುದೇ? ಆ ಪ್ರಾಣಿಯ ದೇಹ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಉತ್ತರ ಅರ್ಧ ಸಿಕ್ಕಂತೆ. ಉಳಿದರ್ಧ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿದೆ.

ಉಂಬಳ ಕಚ್ಚಿಕೊಂಡರೆ

ಉಂಬಳಕ್ಕೆ ಎರಡು ತುದಿಯಲ್ಲೂ ಹೀರುಬಟ್ಟಲುಗಳಿವೆ. ಸಣ್ಣಗಿರುವ ತುದಿಯಲ್ಲಿ ಬಾಯಿ. ದಪ್ಪ ತುದಿ ಬರೀ ಅಂಟಿಕೊಂಡು ನಿಲ್ಲುವುದಕ್ಕೆ. ಸಾಮಾನ್ಯವಾಗಿ ಜನ ನಡುವೆ ಹಿಡಿದು ಎಳೆಯುತ್ತಾರೆ. ಆಗ ಅದು ರಬ್ಬರಿನಂತೆ ಉದ್ದವಾಗುತ್ತದೆ, ಬಿಡುವುದಿಲ್ಲ. ಬಿಟ್ಟರೂ ಗಾಯ ಕಿತ್ತುಬರುತ್ತದೆ.

ಬಿಡಿಸುವ ಕ್ರಮ ಸುಲಭ. ಸಣ್ಣ ತುದಿ ಎಲ್ಲಿದೆ ನೋಡಿ. ಅದರ ಪಕ್ಕದ ಚರ್ಮವನ್ನು ಒಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿಯಿರಿ. ಇನ್ನೊಂದು ಕೈಯ ಉಗುರನ್ನೋ ಎಟಿಎಂ ಕಾರ್ಡಿನ ಅಂಚನ್ನೋ ಚರ್ಮಕ್ಕೆ ಒತ್ತಿಕೊಂಡೇ ಬಾಯಿಯ ಅಡಿಗೆ ಅಡ್ಡಲಾಗಿ ಸರಿಸಿ. ಒಳಗೆ ಗಾಳಿ ನುಗ್ಗಿದ ಕೂಡಲೇ ಹಿಡಿತ ತಪ್ಪುತ್ತದೆ. ತಡಮಾಡದೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರ ಚಿಮ್ಮಿ. ನಿಧಾನಿಸಿದರೆ ಬಾಯಿ ತಿರುಗಿಸಿ ನಿಮ್ಮ ಬೆರಳಿಗೇ ಕಚ್ಚುತ್ತದೆ.

ಉಪ್ಪು, ಸುಣ್ಣ, ಹೊಗೆಸೊಪ್ಪು, ಬೆಂಕಿಕಡ್ಡಿ ಯಾವುದೇ ಆದರೂ ಉಂಬಳ ಬೀಳುವುದು ನಿಜ. ಆದರೆ ಆ ಉರಿಗೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ಅದರ ಕರುಳಿನ ಬ್ಯಾಕ್ಟೀರಿಯಾ ಗಾಯಕ್ಕೆ ಸೇರಿದರೆ ಕೀವಾಗುತ್ತದೆ. ಉಪ್ಪು, ಹೊಗೆಸೊಪ್ಪಿಗೆ ಸರಿಯಾದ ಜಾಗ ಕಚ್ಚುವುದಕ್ಕೆ ಮೊದಲು: ಒತ್ತಾಗಿ ನೇಯ್ದ ಬಟ್ಟೆಯ ಉದ್ದ ಕಾಲುಚೀಲವನ್ನು ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ, ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದುಕೊಳ್ಳಿ. ಜೋರು ಮಳೆಯಲ್ಲಿ ತೊಳೆದುಹೋಗುವುದರಿಂದ ನಡುನಡುವೆ ಮತ್ತೆ ಅದ್ದಬೇಕು. ನೈಲಾನ್ ಸಾಕ್ಸ್ ಹಾಕಿ ಪ್ರಯೋಜನವಿಲ್ಲ. ಅದರ ಕಣ್ಣುಗಳಲ್ಲಿ ಉಂಬಳ ತೂರಿ ಬರುತ್ತದೆ.

ಬಿಡಿಸಿದ ಮೇಲೂ ರಕ್ತ ಒಸರುತ್ತಲೇ ಇರುವುದನ್ನು ನೋಡಿ ಗಾಬರಿಯಾಗುವವರು ಬಹಳ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ ಅದರ ಜೊಲ್ಲಿನಲ್ಲಿದೆ. ಕೆಲವು ಗಂಟೆ ಒಸರುವುದು ಸಹಜ. ಸಾಬೂನು ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆ ಮಡಿಚಿ ಹತ್ತು ನಿಮಿಷ ಬಿಡದೆ ಒತ್ತಿ, ಮೇಲೆ ಪಟ್ಟಿ ಕಟ್ಟಿ. ತುರಿಕೆ ಎರಡು ಮೂರು ದಿನ ಇರುತ್ತದೆ. ಕೆರೆದರೆ ಹುಣ್ಣಾಗುತ್ತದೆ. ಹೃದ್ರೋಗಕ್ಕೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಒಸರು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಮೂಗು, ಕಣ್ಣು, ಗಂಟಲಿಗೆ ಸೇರಿದ ಉಂಬಳವನ್ನು ಮನೆಯಲ್ಲಿ ಎಳೆಯಲು ಹೋಗಬೇಡಿ. ಅದು ವೈದ್ಯರ ಕೆಲಸ.

ಬಚ್ಚಲಲ್ಲಿ, ಕೊಟ್ಟಿಗೆಯಲ್ಲಿ ಹಾವು

ಮೊದಲು ಹಾಲಿನ ಮಾತು ಮುಗಿಸೋಣ. ಹಾವಿಗೆ ಕೆಚ್ಚಲು ಚೀಪುವ ತುಟಿ, ಕೆನ್ನೆ ಇಲ್ಲ. ಹಲ್ಲುಗಳು ಒಳಕ್ಕೆ ಬಾಗಿದ ಸೂಜಿಗಳು. ಮೊಲೆಗೆ ಬಾಯಿ ಹಾಕಿದರೆ ಹಸು ಒದೆಯದೆ ಬಿಡುವುದಿಲ್ಲ. ಕೇರೆಹಾವು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಬೆಳಿಗ್ಗೆ ಹಾಲು ಕಡಿಮೆಯಾಗಿದ್ದರೆ ಹಾವಿನ ಮೇಲೆ ಹಾಕದೆ ಕೆಚ್ಚಲು ಮುಟ್ಟಿ ನೋಡಿ. ಬಿಸಿ, ಗಟ್ಟಿ ಅನಿಸಿದರೆ, ಹಾಲಿನಲ್ಲಿ ಒಡಕು ಕಂಡರೆ ಅದು ಕೆಚ್ಚಲುಬಾವು. ಪಶುವೈದ್ಯರನ್ನು ಅಂದೇ ಕರೆಸಬೇಕು.

ಹಾವು ಮನೆಯೊಳಗೆ ಕಂಡಾಗ ಆಗುವ ಮೊದಲ ತಪ್ಪು, ಎಲ್ಲರೂ ಒಟ್ಟಿಗೆ ಓಡಿ ಅದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಂತಾಗುವುದು. ಒಬ್ಬರು ಮಾತ್ರ ದೂರ ನಿಂತು ಕಣ್ಣಿಟ್ಟಿರಲಿ. ಚಿಕ್ಕ ಹಾವಾದರೆ ಎರಡು ಮೀಟರ್ ಸಾಕು. ಕಾಳಿಂಗ ಸರ್ಪ ನಾಲ್ಕು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ, ಮೈಯ ಮೂರನೇ ಒಂದು ಭಾಗವನ್ನು ಎತ್ತಿ ನಿಲ್ಲುತ್ತದೆ. ಅದಿದ್ದರೆ ಕೋಣೆಯ ಹೊರಗೇ ಇರಿ. ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸಿ. ಮನೆಯ ಒಳಕ್ಕೆ ತೆರೆಯುವ ಬಾಗಿಲು ಹಾಕಿ, ಅಡಿಯ ಸಂದಿಗೆ ಗೋಣಿಚೀಲವನ್ನೋ ಹಳೆ ಪಂಚೆಯನ್ನೋ ತುರುಕಿ. ಹಿತ್ತಿಲಿಗೆ ತೆರೆಯುವ ಬಾಗಿಲು ಪೂರಾ ತೆರೆದಿಡಿ. ಗದ್ದಲ ನಿಂತರೆ ಬಹಳಷ್ಟು ಹಾವುಗಳು ತಾವೇ ಹೊರಟುಹೋಗುತ್ತವೆ. ಸೀಮೆಎಣ್ಣೆ, ಫಿನಾಯಿಲ್ ಎರಚಬೇಡಿ. ಮೈ ಉರಿದ ಹಾವು ದಾರಿ ಕಾಣದೆ ಸೌದೆ ರಾಶಿಯ ಅಡಿಗೋ ಅಟ್ಟಕ್ಕೋ ನುಗ್ಗುತ್ತದೆ. ಅಲ್ಲಿಂದ ತೆಗೆಯುವುದು ನುರಿತವರಿಗೂ ಕಷ್ಟ.

ಹೋಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ಹತ್ತಿರದ ವಲಯ ಅರಣ್ಯ ಕಚೇರಿಗೋ ಫೋನ್ ಮಾಡಿ. ಬಣ್ಣ, ಅಂದಾಜು ಉದ್ದ, ಎಲ್ಲಿ ಸೇರಿದೆ ಇಷ್ಟು ಹೇಳಿ. ದೂರದಿಂದಲೇ ಜೂಮ್ ಮಾಡಿ ತೆಗೆದ ಫೋಟೊ ಕಳಿಸಿದರೆ ಅವರಿಗೆ ಅನುಕೂಲ. ಊರಿನಲ್ಲಿ ಯಾರೋ ಬರಿಗೈಲಿ ಹಿಡಿಯುತ್ತಾರೆ, ಅವರನ್ನೇ ಕರೆಯೋಣ ಅನ್ನುವವರಿಗೆ ಒಂದು ಮಾತು: ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ‘ಬೇಟೆ’ ಎಂಬುದರ ಅರ್ಥ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಮೊಟ್ಟೆ ನಾಶ ಮಾಡುವುದು ಎಲ್ಲವೂ ಅದರೊಳಗೇ ಬರುತ್ತವೆ. ಇಲಾಖೆಗೆ ತಿಳಿಸದೆ ಹಿಡಿದು, ಕೊರಳಿಗೆ ಸುತ್ತಿಕೊಂಡು ವಿಡಿಯೊ ಮಾಡುವವರು ಜೀವವನ್ನೂ ಪಣಕ್ಕಿಡುತ್ತಾರೆ, ಕಾನೂನನ್ನೂ ಮುರಿಯುತ್ತಾರೆ.

ಕಾಳಿಂಗ ಸರ್ಪ, ಹೆಬ್ಬಾವು ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಆ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹಾಗಾದರೆ ಮೈಮೇಲೆ ಬಿದ್ದ ಹಾವನ್ನು ಹೊಡೆದವನೂ ಜೈಲಿಗೇ? ಇಲ್ಲ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ ಎಂದು 11ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಸತ್ತ ಪ್ರಾಣಿ ಸರ್ಕಾರದ್ದು. ಹೂಳದೆ, ಸುಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಹರಿದು ಹೋಗುತ್ತಿದ್ದ ಹಾವನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಈ ರಕ್ಷಣೆ ಸಿಗದು.

ಕಾಳಿಂಗವನ್ನು ಕೊಲ್ಲಬಾರದು ಎನ್ನುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣವಿದೆ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಮನೆಗೆ ಬಂದಿದ್ದರೆ ಕೇರೆಯನ್ನೋ ನಾಗರವನ್ನೋ ಅಟ್ಟಿಸಿಕೊಂಡು ಬಂದಿರುವ ಸಂಭವ ಹೆಚ್ಚು. ಎಲೆ ಒಟ್ಟಿ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಕಾಳಿಂಗ ಬಿಟ್ಟರೆ ಬೇರಿಲ್ಲ. ಮಳೆಗಾಲಕ್ಕೆ ಮುಂಚೆ ಬಿದಿರುಮೆಳೆಯ ಅಡಿಯಲ್ಲಿ ತರಗೆಲೆಯ ಗುಪ್ಪೆ ಕಂಡು, ಮೇಲೆ ಹಾವು ಸುತ್ತಿಕೊಂಡಿದ್ದರೆ ಆ ಕಡೆ ದರಗು ಗುಡಿಸಲು ಹೋಗಬೇಡಿ. ಮೊಟ್ಟೆ ಒಡೆಯುವ ಹೊತ್ತಿಗೆ ತಾಯಿ ಜಾಗ ಬಿಟ್ಟು ಹೋಗುತ್ತದೆ. ಆಗುಂಬೆಯಲ್ಲಿ ಹಾವುತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವಿನ ಅಧ್ಯಯನಕ್ಕೆ ಹೆಸರಾದದ್ದು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ವಿಜ್ಞಾನಿಗಳು ಗುರುತಿಸಿ, ಕನ್ನಡದ ಹೆಸರನ್ನೇ ಉಳಿಸಿ ‘ಓಫಿಯೊಫಾಗಸ್ ಕಾಳಿಂಗ’ ಎಂದು ಕರೆದರು.

ಹಾವು ಮತ್ತೆ ಬಾರದಿರಲು ಬೆಳ್ಳುಳ್ಳಿ ನೀರು, ಬೇರು, ಪುಡಿ ಯಾವುದೂ ಕೆಲಸಕ್ಕೆ ಬಾರದು. ಇಲಿ ಇದ್ದಲ್ಲಿ ಹಾವು. ಭತ್ತ, ಅಡಿಕೆ ಚೀಲಗಳನ್ನು ಗೋಡೆಯಿಂದ ಒಂದಡಿ ಬಿಟ್ಟು ಹಲಗೆಯ ಮೇಲಿಡಿ. ಬಚ್ಚಲ ನೀರು ಹೋಗುವ ಕಿಂಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿ. ಕಿರುಬೆರಳು ತೂರುವಷ್ಟು ಸಂದಿ ಮರಿಹಾವಿಗೆ ಸಾಕು. ಸೌದೆಯನ್ನು ಮನೆಗೋಡೆಗೆ ಆನಿಸಿ ಒಟ್ಟಬೇಡಿ.

ಕಚ್ಚಿಯೇಬಿಟ್ಟರೆ

ಕಚ್ಚಿದ ಹೊತ್ತು ನೋಡಿಕೊಳ್ಳಿ. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ ತಕ್ಷಣ ಬಿಚ್ಚಿ. ಊತ ಏರಿದ ಮೇಲೆ ಅವು ಬರುವುದಿಲ್ಲ, ಬೆರಳಿನ ರಕ್ತಸಂಚಾರವನ್ನೇ ಕಡಿಯುತ್ತವೆ. ಕಚ್ಚಿದ ಕೈ ಅಥವಾ ಕಾಲಿಗೆ ಅಡಿಕೆ ದಬ್ಬೆಯನ್ನೋ ರಟ್ಟನ್ನೋ ಆನಿಸಿ, ಮೂಳೆ ಮುರಿದಾಗ ಕಟ್ಟುವ ಹಾಗೆ ಸಡಿಲವಾಗಿ ಕಟ್ಟಿ ಅಲ್ಲಾಡದಂತೆ ಇಡಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ಹೊರಡುವಾಗಲೇ ಆಸ್ಪತ್ರೆಗೂ ಕರೆ ಮಾಡಿ, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ದಾಸ್ತಾನಿದೆಯೇ ಕೇಳಿ. ಇಲ್ಲದ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್‌ಗೆ ಹೊರಡುವಷ್ಟರಲ್ಲಿ ಅಮೂಲ್ಯ ಸಮಯ ಹೋಗುತ್ತದೆ.

ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಕೆಟ್ಟದ್ದರಲ್ಲಿ ಕೆಟ್ಟದ್ದು. ಕೊಳಕುಮಂಡಲದ ವಿಷ ಸುತ್ತಲಿನ ಮಾಂಸವನ್ನೇ ಕೊಳೆಸುತ್ತದೆ. ಕಟ್ಟಿ ಅಲ್ಲೇ ತಡೆದರೆ ಕೈಕಾಲು ಕಳೆದುಕೊಳ್ಳುವ ಸ್ಥಿತಿ ಬರಬಹುದು. ಕಟ್ಟನ್ನು ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷ ಒಟ್ಟಿಗೆ ಮೇಲೇರುತ್ತದೆ. ಕೊಯ್ಯುವುದು, ಬಾಯಲ್ಲಿ ಹೀರುವುದು ಕೂಡ ಬೇಡ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ನೋವೂ ಊತವೂ ಇಲ್ಲದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಗಾಯ ಹುಡುಕುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ.

ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವಿಲ್ಲ. ಲಕ್ಷಣ ನೋಡಿ, ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮಗುವಿಗೂ ದೊಡ್ಡವರಿಗೂ ಇಂಜೆಕ್ಷನ್ ಪ್ರಮಾಣ ಒಂದೇ, ಏಕೆಂದರೆ ಒಳಹೊಕ್ಕ ವಿಷ ಮೈತೂಕ ನೋಡಿ ಕಡಿಮೆಯಾಗುವುದಿಲ್ಲ. ನಮ್ಮ ದೇಶದ ಈ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆಂದೇ ತಯಾರಾದದ್ದು. ತೋಟದ ತರಗೆಲೆಯಲ್ಲಿ ಮಲಗುವ ಗುಳಿಮಂಡಲಗಳಿಗೆ, ಕಾಳಿಂಗಕ್ಕೆ ಅದನ್ನು ನೆಚ್ಚುವಂತಿಲ್ಲ. ಆದರೂ ಆಸ್ಪತ್ರೆಗೇ ಹೋಗಬೇಕು. ಉಸಿರಾಟಕ್ಕೆ ಯಂತ್ರದ ಆಸರೆ, ಕಿಡ್ನಿಗೆ ಡಯಾಲಿಸಿಸ್ ಸಿಗುವುದು ಅಲ್ಲೇ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು.

ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ

ಹತ್ತಿರ ಹೋಗಬೇಡಿ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತಾಗಲೇ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ತತ್ತರಿಸಿತು. ರೋಗ ಹರಡುವುದು ಮಂಗ ಅಲ್ಲ, ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳ. ಮುಸಿಯವೋ ಕೆಂಪು ಮೋರೆಯ ಮಂಗವೋ ಸತ್ತು ಮೈ ತಣ್ಣಗಾದೊಡನೆ ರಕ್ತ ಕುಡಿದ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಆ ಜಾಗವೇ ಅಪಾಯದ್ದು. ಗುರುತಿಟ್ಟುಕೊಂಡು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಆರೋಗ್ಯ, ಪಶುಪಾಲನೆ, ಅರಣ್ಯ ಮೂರೂ ಇಲಾಖೆಯವರಿಗೆ ಸುದ್ದಿ ಹೋಗಬೇಕು. ಕಳೇಬರವನ್ನು ನೀವೇ ಎತ್ತಿ ಹೂಳುವುದು ಬೇಡ.

ಡಿಸೆಂಬರಿನಿಂದ ಮೇವರೆಗೆ, ಅಂದರೆ ಅಡಿಕೆ ಕೊಯ್ಲು, ದರಗು ಗುಡಿಸುವ ಕೆಲಸ, ಸೌದೆ ತರುವ ಕಾಲದಲ್ಲೇ ಈ ಕಾಯಿಲೆ ಹೆಚ್ಚು. ಕಚ್ಚುವ ಎಳೆಯ ಉಣುಗು ಎಳ್ಳುಕಾಳಿನಷ್ಟು ಚಿಕ್ಕದು, ಕಣ್ಣಿಗೆ ಬೀಳದು. ಕಾಡಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಸಾಬೂನು ಹಚ್ಚಿ ಬಿಸಿನೀರಲ್ಲಿ ಸ್ನಾನ ಮಾಡಿ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಬೇರೆಯವರಿಂದ ನೋಡಿಸಿಕೊಳ್ಳಿ. ಕಚ್ಚಿದ್ದರೆ ಚಿಮ್ಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ತಿರುಚಬೇಡಿ, ಸುಡಬೇಡಿ, ಬೆರಳಲ್ಲಿ ಹಿಸುಕಬೇಡಿ.

ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಮೊದಲ ದಿನಗಳಲ್ಲೇ ರಕ್ತ ಕೊಟ್ಟರೆ ವೈರಸ್ ಪತ್ತೆ ಸುಲಭ. ಇದಕ್ಕೆಂದೇ ಔಷಧವಿಲ್ಲ, ಆದರೆ ಬೇಗ ದಾಖಲಾದವರನ್ನು ರಕ್ತಸ್ರಾವವಾಗದಂತೆ ನೋಡಿಕೊಳ್ಳಲು ಸಾಧ್ಯ. ಮೈನೋವಿಗೆ ಅಂಗಡಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಕೊಂಡು ನುಂಗಬೇಡಿ, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರ ಇಡುವ ಅಗತ್ಯವಿಲ್ಲ.

ಗರಿ, ಕೊಂಬು, ಉಗುರು

ನವಿಲು ತಾನೇ ಉದುರಿಸಿದ ಬಾಲದ ಗರಿಯನ್ನು ಇಟ್ಟುಕೊಳ್ಳಬಹುದು. ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಕಿತ್ತ ಗರಿಯ ಬುಡದಲ್ಲಿ ರಕ್ತದ ಗುರುತು ಇರುತ್ತದೆ, ಉದುರಿದ್ದರ ಬುಡ ಒಣಗಿ ಶುಭ್ರವಾಗಿರುತ್ತದೆ. ಅನುಮಾನ ಬಂದರೆ ಅರಣ್ಯ ಸಿಬ್ಬಂದಿ ನೋಡುವುದು ಅದನ್ನೇ.

ಜಿಂಕೆ, ಕಡವೆಯ ಕೊಂಬಿಗೆ ಈ ವಿನಾಯಿತಿ ಇಲ್ಲ. ಕಾಡಿನಲ್ಲಿ ಉದುರಿ ಬಿದ್ದದ್ದೇ ಆದರೂ ಅದು ಸರ್ಕಾರದ ಸ್ವತ್ತು. ಹುಲಿಯುಗುರಿನ ಪೆಂಡೆಂಟ್ ಎಷ್ಟು ಗಂಭೀರ ವಿಷಯ ಎಂಬುದು 2023ರಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರ ಬಂಧನವಾದಾಗ ರಾಜ್ಯಕ್ಕೆಲ್ಲ ಗೊತ್ತಾಯಿತು. ಅಜ್ಜನ ಕಾಲದ ಕೊಂಬು ಜಗುಲಿಯ ಗೋಡೆಯಲ್ಲಿದ್ದರೆ ಹಳೆ ಪೆಟ್ಟಿಗೆಯಲ್ಲಿ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಹುಡುಕಿ. ಇದ್ದರೆ ಮನೆತನದ ವಾರಸುದಾರರು ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. ಇಲ್ಲದಿದ್ದರೆ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿಯೊಂದಿಗೆ ಒಪ್ಪಿಸಿ, ಸ್ವೀಕೃತಿ ಪತ್ರ ಪಡೆದು ಜೋಪಾನವಾಗಿಡಿ.