ಜಾಬ್ ಕಾರ್ಡಿನಲ್ಲಿ ಊರಿನ ಕೆಲಸ: ಮಾಲಕರಿಂದ ನಾನು ಕಲಿತದ್ದು

ನಮ್ಮ ಮಾಲಕರು ಹುಬ್ಬಳ್ಳಿಯಲ್ಲಿ ಕಾರು ಮಾರಿ ಬದುಕಿದವರು. ಒಂದು ಅವಧಿಗೆ ಕಾರ್ಪೊರೇಟರ್ ಕೂಡ ಆಗಿದ್ದರು. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ವ್ಯಾಪಾರದ ಮಂದಿ ಅವರ ವ್ಯಾಪಾರ ಹೊಗಳಿದರು, ಓಣಿಯ ಮಂದಿ ಅವರ ಸಮಾಜಸೇವೆ ಹೊಗಳಿದರು. ಎರಡೂ ಬೇರೆ ಬೇರೆ ಕೆಲಸ ಅನ್ನೋ ಹಾಗೆ ಎಲ್ಲರೂ ಮಾತಾಡಿದರು. ನಾನು ಅವರ ವರ್ಕ್‌ಶಾಪಿಗೆ ಹೆಲ್ಪರ್ ಆಗಿ ಸೇರಿದವನು. ಆಮೇಲೆ ಸೇಲ್ಸ್‌ಗೆ ಬಂದೆ. ಈಗ ಗೋಕುಲ ರಸ್ತೆಯಲ್ಲಿ ನನ್ನದೇ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ ಇದೆ. ಹತ್ತಿರದಿಂದ ನೋಡಿದ ನನಗೆ ಗೊತ್ತು, ಅವರು ಎರಡೂ ಕೆಲಸವನ್ನು ಒಂದೇ ಪದ್ಧತಿಯಲ್ಲಿ ಮಾಡಿದರು. ಆ ಪದ್ಧತಿ ಜಾಬ್ ಕಾರ್ಡ್. ಅವರು ಅದನ್ನು ಹೇಗೆ ನಡೆಸಿದರು, ಅವರ ನಂತರ ನಾನು ಹೇಗೆ ನಡೆಸುತ್ತಿದ್ದೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ಸರ್ವಿಸಿಗೆ ಬಿಟ್ಟವರು ಜಾಬ್ ಕಾರ್ಡ್ ನೋಡಿರುತ್ತೀರಿ. ಗಾಡಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ, ಎಲ್ಲಿ ಡೆಂಟ್, ಎಲ್ಲಿ ಗೀರು, ಏನು ತಕರಾರು, ಯಾವಾಗ ಕೊಡುತ್ತೇವೆ. ಇಷ್ಟು ಎಲ್ಲ ಕಡೆ ಇರುತ್ತದೆ. ಮಾಲಕರು ಇದಕ್ಕೆ ಎರಡು ನಿಯಮ ಸೇರಿಸಿದ್ದರು. ತಕರಾರನ್ನು ಗಿರಾಕಿ ಹೇಳಿದ ಮಾತಿನಲ್ಲೇ ಬರೆಯಬೇಕು, ಮೆಕ್ಯಾನಿಕ್ಕಿನ ಮಾತಿನಲ್ಲಿ ಅಲ್ಲ. "ಏರು ಹತ್ತುವಾಗ ಗಾಡಿ ಒದರ್ತದ" ಅಂದರೆ ಅದನ್ನೇ ಬರೆಯಬೇಕು. ಅದು ಕ್ಲಚ್ಚೋ, ಎಂಜಿನ್ ಮೌಂಟಿಂಗೋ, ಸೈಲೆನ್ಸರೋ ಅನ್ನೋದು ಆಮೇಲಿನ ಮಾತು. ಎರಡನೆಯದು, ಕಾರ್ಡ್ ಮುಗಿಯಿತು ಅಂತ ಹೇಳುವ ಹಕ್ಕು ಮೆಕ್ಯಾನಿಕ್ಕಿಗೆ ಇಲ್ಲ. ಗಿರಾಕಿ ಒಂದು ಸುತ್ತು ಓಡಿಸಿ ನೋಡಿ ಸಹಿ ಮಾಡಿದ ಮೇಲೇ ಕಾರ್ಡ್ ಬಂದ್.

ಮಾಲಕರು ನವಲಗುಂದ ಕಡೆಯ ಹಳ್ಳಿಯಿಂದ ಬಂದವರು. ಅಂಬಾಸಡರ್, ಫಿಯಟ್ ಕಾಲದಲ್ಲಿ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಕಲಿತವರು. ಆಗ ಹೊಸ ಕಾರು ಬೇಕೆಂದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದಕ್ಕೂ ಪಾಳಿ ಬಿತ್ತು. ಪಾಳಿ ಇದ್ದಲ್ಲಿ ಮೇಲಿನ ರೊಕ್ಕ ಬಂದೇ ಬರುತ್ತದೆ ಅಲ್ವಾ? ಬುಕಿಂಗ್ ಸಿಕ್ಕವರು ಅದನ್ನೇ ಮೇಲಿನ ದರಕ್ಕೆ ಮಾರಿ ಲಾಭ ಮಾಡಿಕೊಳ್ಳುವುದು ಆಗ ಸಾಮಾನ್ಯವಾಗಿತ್ತು. ಮಾಲಕರಿಗೆ ಡೀಲರ್‌ಶಿಪ್ ಸಿಕ್ಕಾಗ ಅವರು ಮಾಡಿದ ಮೊದಲ ಕೆಲಸ ಅಂದರೆ ಪಾಳಿಯ ಪಟ್ಟಿಯನ್ನು ಶೋರೂಮಿನ ಗೋಡೆಗೆ ಅಂಟಿಸಿದ್ದು. ಯಾರದು ಎಷ್ಟನೇ ನಂಬರ್ ಅಂತ ಒಳಗೆ ಬಂದ ಯಾರು ಬೇಕಾದರೂ ಓದಬಹುದಿತ್ತು. ದೊಡ್ಡವರು ಫೋನ್ ಮಾಡಿದರೆ ಒಂದೇ ಉತ್ತರ: "ಸಾಹೇಬ್ರ, ಪಟ್ಟಿ ಗ್ವಾಡಿ ಮ್ಯಾಲ ಅದ. ನಾ ಅಳಸಿದ್ರ ಮಂದಿ ನೋಡ್ತಾರ."

ಈ ಗೋಡೆಯ ಪಟ್ಟಿಯೇ ಅವರನ್ನು ಸಾರ್ವಜನಿಕ ಜೀವನಕ್ಕೆ ತಂದದ್ದು ಅಂತ ನನ್ನ ನಂಬಿಕೆ. ಭಾಷಣದಿಂದ ಅವರು ಗೆದ್ದಿಲ್ಲ, ಅವರಿಗೆ ಭಾಷಣ ಬರುತ್ತಲೂ ಇರಲಿಲ್ಲ. ಪಾಳಿ ತಪ್ಪಿಸದ ಮನುಷ್ಯ ಅಂತ ಊರಿಗೆ ಗೊತ್ತಾಗಿತ್ತು, ಅಷ್ಟೇ.

ನಮ್ಮ ಕಡೆ ಗಾಡಿ ವ್ಯವಹಾರದಿಂದ ಸಾರ್ವಜನಿಕ ಜೀವನಕ್ಕೆ ಬಂದವರು ಇನ್ನೂ ಇದ್ದಾರೆ. ಗದಗದ ಮುದ್ರಣದ ಮನೆತನದ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಶುರು ಮಾಡಿ, 1996ರಲ್ಲಿ ಧಾರವಾಡ ಉತ್ತರದಿಂದ ಲೋಕಸಭೆಗೆ ಹೋದರು. ನಮ್ಮ ಮಾಲಕರದು ಅಷ್ಟು ದೊಡ್ಡ ಹರವು ಅಲ್ಲ. ಒಂದು ವಾರ್ಡು, ಅದರ ಸುತ್ತಲಿನ ಓಣಿಗಳು. ರೈಲ್ವೆ ವಲಯದ ಕೇಂದ್ರ ಹುಬ್ಬಳ್ಳಿಗೇ ಬೇಕು ಅಂತ ಹೋರಾಟ ನಡೆದಾಗ ಧರಣಿಗೆ ಕೂತರು, ಗಾಡಿ ಕೊಟ್ಟರು. 2003ರ ಏಪ್ರಿಲ್ 1ಕ್ಕೆ ನೈಋತ್ಯ ರೈಲ್ವೆ ಇಲ್ಲಿಂದ ಕೆಲಸ ಶುರು ಮಾಡಿದ ದಿನ ಶೋರೂಮಿನಲ್ಲಿ ಪೇಢೆ ಹಂಚಿದರು. ಧಾರವಾಡಕ್ಕೆ ಹೈಕೋರ್ಟ್ ಪೀಠ ಬೇಕು ಅನ್ನೋ ಹೋರಾಟದಲ್ಲೂ ವಕೀಲರ ಜೊತೆ ನಿಂತರು. ಆದರೆ ಅವರ ಮನಸ್ಸು ಇದ್ದದ್ದು ನಳ, ಗಟಾರ, ಲೈಟಿನ ಕಂಬದಲ್ಲಿ.

ಕಾರ್ಪೊರೇಟರ್ ಆದ ಮೇಲೆ ವರ್ಕ್‌ಶಾಪಿನ ಕಾರ್ಡನ್ನೇ ಬೇರೆ ಬಣ್ಣದ ಕಾಗದದಲ್ಲಿ ಪ್ರಿಂಟ್ ಮಾಡಿಸಿದರು. ಗಾಡಿ ನಂಬರ್ ಇದ್ದಲ್ಲಿ ಮನೆ ನಂಬರ್, ಕಿಲೋಮೀಟರ್ ಇದ್ದಲ್ಲಿ ಎಷ್ಟು ದಿನದಿಂದ ತ್ರಾಸು. ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಕಾರ್ಡಿನ ಕಥೆ ಹೇಳುತ್ತೇನೆ. ಎತ್ತರದ ಓಣಿಯ ಒಬ್ಬ ಅಜ್ಜಿ ಬಂದು, "ನಳಕ್ಕ ಗಾಳಿ ಬರ್ತದೋ ತಮ್ಮಾ, ನೀರು ಬರಂಗಿಲ್ಲ" ಅಂದರು. ನಾನು ಹಾಗೇ ಬರೆದೆ. "ನೀರಿನ ಕೊರತೆ" ಅಂತ ಬರೆದಿದ್ದರೆ ಒಂದು ಟ್ಯಾಂಕರ್ ಹೋಗುತ್ತಿತ್ತು, ಅಲ್ಲಿಗೆ ಕೆಲಸ ಮುಗಿದಂತೆ. ಮಾಲಕರು ಕಾರ್ಡ್ ಓದಿ "ಗಾಳಿ" ಅನ್ನೋ ಶಬ್ದದ ಕೆಳಗೆ ಗೆರೆ ಎಳೆದರು. ಗಾಳಿ ಬರುತ್ತದೆ ಅಂದರೆ ಪೈಪ್ ಕಟ್ಟಿಲ್ಲ, ಲೈನ್ ಜೀವಂತ ಇದೆ. ನೀರು ಬಿಟ್ಟಾಗ ಅದು ಮೊದಲು ಪೈಪಿನಲ್ಲಿರುವ ಗಾಳಿಯನ್ನು ಮುಂದೆ ತಳ್ಳುತ್ತದೆ. ಕೊನೆಯ ಮನೆಗೆ, ಅದೂ ಎತ್ತರದಲ್ಲಿದ್ದರೆ, ಗಾಳಿ ತಲುಪುತ್ತದೆ, ಹಿಂದೆ ಬರುವ ನೀರು ತಲುಪುವಷ್ಟು ಒತ್ತಡ ಇರುವುದಿಲ್ಲ. ಹಾಗಾದರೆ ಒತ್ತಡ ಎಲ್ಲಿ ಹೋಯಿತು? ಒಂದೋ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲಾ ನಡುವೆ ಯಾರೋ ನಳಕ್ಕೆ ಮೋಟಾರ್ ಹಚ್ಚಿ ಎಳೆಯುತ್ತಿದ್ದಾರೆ.

ನೀರು ಬಿಡುವ ದಿನ ನಾವು ವಾಲ್ವ್ ತಿರುಗಿಸುವ ಅಣ್ಣನ ಜೊತೆ ಓಣಿ ಪೂರ್ತಿ ನಡೆದೆವು. ಹುಬ್ಬಳ್ಳಿಗೆ ನೀರು ಬರುವುದು ಸವದತ್ತಿಯ ಹತ್ತಿರದ ಮಲಪ್ರಭಾ ಜಲಾಶಯದಿಂದ ಮತ್ತು ನೀರಸಾಗರದಿಂದ. ನಮ್ಮ ಓಣಿಗಳಿಗೆ ಅದು ದಿನಾ ಬರುವುದಿಲ್ಲ, ಸರದಿ ಬರುವ ತನಕ ಕಾಯಬೇಕು. ಹಾಗಾಗಿ ಆ ಒಂದು ತಾಸು ತಪ್ಪಿಸಿಕೊಂಡರೆ ಮುಂದಿನ ಸರದಿಯ ತನಕ ಏನೂ ತಿಳಿಯುವುದಿಲ್ಲ. ವಾಲ್ವ್ ಸರಿ ಇತ್ತು. ನಡುವಿನ ಕೆಲವು ಮನೆಗಳ ಅಂಗಳದಲ್ಲಿ ಮೋಟಾರ್ ಸದ್ದು ಕೇಳಿತು. ಮಾಲಕರು ಯಾರಿಗೂ ಬೈಯಲಿಲ್ಲ. ಆ ಮನೆಯವರನ್ನು ಅಜ್ಜಿಯ ನಳದ ಹತ್ತಿರ ಕರೆದುಕೊಂಡು ಹೋಗಿ, ಅದರ ಬಾಯಿಗೆ ಅಂಗೈ ಹಿಡಿದು ನೋಡಿ ಅಂದರು. ಬರೀ ಗಾಳಿ. ಮುಂದಿನ ಸರದಿಗೆ ಮೋಟಾರ್ ಬಂದ್ ಆದವು. ಅಜ್ಜಿಯ ಕೊಡ ತುಂಬಿತು. ಆದರೂ ಮಾಲಕರು ಸಹಿ ತೆಗೆದುಕೊಳ್ಳಲು ಬಿಡಲಿಲ್ಲ. "ಇನ್ನೊಂದ್ ಸರತಿ ಬರ್ಲಿ, ಆಮ್ಯಾಲ" ಅಂದರು. ಎರಡನೇ ಸರದಿಗೂ ನೀರು ಬಂದ ಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಆ ಕಾರ್ಡ್ ಈಗಲೂ ನನ್ನ ಹತ್ತಿರ ಇದೆ.

ರಸ್ತೆಯ ತಕರಾರು ಬಂದಾಗ ಮಾಲಕರು ಕೇಳುತ್ತಿದ್ದ ಮೊದಲ ಪ್ರಶ್ನೆ: "ಈ ರಸ್ತೇದ ಆರ್.ಸಿ. ಯಾರ ಹೆಸರಲೇ ಅದ?" ಗಾಡಿಗೆ ಆರ್.ಸಿ. ಇದ್ದ ಹಾಗೆ ಪ್ರತಿ ರಸ್ತೆಗೂ ಒಬ್ಬ ಧಣಿ ಇರುತ್ತಾನೆ. ಒಂದು ಪಾಲಿಕೆಯದು, ಒಂದು ಲೋಕೋಪಯೋಗಿ ಇಲಾಖೆಯದು, ಒಂದು ರಾಷ್ಟ್ರೀಯ ಹೆದ್ದಾರಿ. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸಿಗೆ ಅಂತಲೇ ಬಿಟ್ಟ ಬಿಆರ್‌ಟಿಎಸ್ ಪಟ್ಟಿಯ ಲೆಕ್ಕವೇ ಬೇರೆ. ತಗ್ಗು ಬಿದ್ದಿದೆ ಅಂತ ತಪ್ಪು ಬಾಗಿಲು ಬಡಿದರೆ ಅರ್ಜಿ ಸುಮ್ನೆ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತದೆ. ಹಾಗಾಗಿ ನಾನು ನಮ್ಮ ಓಣಿಗಳ ನಕಾಶೆ ಬರೆದು, ಪ್ರತಿ ರಸ್ತೆಯ ಮೇಲೆ ಅದರ ಧಣಿ ಯಾರು ಅಂತ ಬಣ್ಣ ಹಚ್ಚಿಟ್ಟೆ. ಅರ್ಧ ಕೆಲಸ ಅಲ್ಲೇ ಹಗುರ ಆಯಿತು. ಲೈಟಿನ ಕಂಬಕ್ಕಂತೂ ನಂಬರ್ ಬರೆಯದೆ ಅರ್ಜಿ ಕೊಡಲೇಬಾರದು. "ಗುಡಿ ಹತ್ತಿರದ ಕಂಬ" ಅಂದರೆ ಲೈನ್‌ಮನ್‌ಗೆ ಯಾವ ಗುಡಿ ಅಂತ ಹೇಗೆ ಗೊತ್ತಾಗಬೇಕು?

ಮುಂದಿನ ಚುನಾವಣೆಯಲ್ಲಿ ಮಾಲಕರು ಸೋತರು. ಮರುದಿನ ಬೆಳಿಗ್ಗೆ ಶೋರೂಮಿನ ಬಾಗಿಲಲ್ಲಿ ಎಂದಿನಂತೆ ನಾಲ್ಕೈದು ಮಂದಿ ಕೂತಿದ್ದರು, ಎಂದಿನಂತೆ ಕಾರ್ಡ್ ಬರೆದುಕೊಂಡೆವು. ಅಧಿಕಾರ ಇದ್ದಾಗ ಕೆಲಸ ಬೇಗ ಆಗುತ್ತಿತ್ತು, ಇದನ್ನು ಒಪ್ಪಲೇಬೇಕು. ಆದರೆ ಪದ್ಧತಿಗೆ ಅಧಿಕಾರ ಬೇಕಿರಲಿಲ್ಲ. 2019ರಿಂದ 2021ರ ತನಕ ನಮ್ಮ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಆಗ ಈ ಕಾರ್ಡುಗಳು ಎಂದಿಗಿಂತ ಜಾಸ್ತಿ ಆದವು.

ಇನ್ನು ನನ್ನ ವ್ಯಾಪಾರ. ಹಳೆಯ ಗಾಡಿಯ ವ್ಯಾಪಾರದಲ್ಲಿ ನಂಬಿಕೆ ಸುಲಭಕ್ಕೆ ಸಿಗುವುದಿಲ್ಲ. ಬಂದವರು ಮೋಸ ಹೋಗುತ್ತೇವೆ ಅಂತ ಅಂದುಕೊಂಡೇ ಬರುತ್ತಾರೆ. ನಾನು ಗಾಡಿ ಕೊಳ್ಳುವಾಗ, ಅದು ಅಪಘಾತದಲ್ಲಿ ಜಜ್ಜಿ ರಿಪೇರಿ ಆದದ್ದೋ ಅಂತ ತಿಳಿಯಲು, ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿ ಕಂಪನಿ ವೆಲ್ಡಿಂಗ್ ಹಾಗೇ ಇದೆಯಾ ನೋಡುತ್ತೇನೆ. ಫೆಂಡರಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚಿದ ಗುರುತು ಇದೆಯಾ, ಎಲ್ಲ ಗಾಜಿನ ಮೇಲೂ ತಯಾರಾದ ವರ್ಷ ಒಂದೇ ಇದೆಯಾ ನೋಡುತ್ತೇನೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯುತ್ತೇನೆ. ನೀರು ಹೊಕ್ಕ ಗಾಡಿಯ ಸೀಟ್ ತೊಳೆಯಬಹುದು, ಕಾರ್ಪೆಟ್ ಬದಲಿಸಬಹುದು. ಬೆಲ್ಟಿನ ಕೊನೆಯ ಗೇಣಿನಲ್ಲಿ ಹತ್ತಿದ ಕೆಸರಿನ ಗೆರೆ ತೊಳೆಯಲು ಯಾರಿಗೂ ನೆನಪಾಗುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆ ನೀರು ನುಗ್ಗಿತಲ್ಲ, ಮಾಲಕರು ಆಗ ವಯಸ್ಸಾಗಿದ್ದರೂ ಪಿಕಪ್ ಗಾಡಿಗಳಲ್ಲಿ ರೊಟ್ಟಿ, ಚಾದರ ಹಾಕಿಸಿ ಕಳಿಸಿದರು. ಅದಾದ ಕೆಲವು ತಿಂಗಳಿಗೆ ನೀರಲ್ಲಿ ಮುಳುಗಿದ್ದ ಕಾರುಗಳು ಪೇಟೆಗೆ ಬರತೊಡಗಿದವು, ತೊಳೆದು, ಪಾಲಿಶ್ ಹೊಡೆದು. ಕೊಳ್ಳಬೇಕೋ ಬೇಡವೋ ಅಂತ ಮಾಲಕರನ್ನು ಕೇಳಿದೆ. "ಕೊಳ್ಳು. ಮುಳುಗಿದಾಂವಾ ಪಾಪ, ಅವಂಗೂ ರೊಕ್ಕ ಬೇಕಲಾ. ಖರೆ, 'ನೀರು ಹೊಕ್ಕ ಗಾಡಿ' ಅಂತ ಕಾಜಿನ ಮ್ಯಾಲ ಬರದ್ ಇಡು" ಅಂದರು. ಹಾಗೇ ಮಾಡಿದೆ. ಮಾರಲು ತಡ ಆಯಿತು, ದರ ಕಡಿಮೆ ಬಂತು. ಆದರೆ ಕೊಂಡವರು ವೈರಿಂಗ್ ಖರ್ಚು ಲೆಕ್ಕ ಹಾಕಿಯೇ ಕೊಂಡರು. ಇವತ್ತಿನವರೆಗೆ ಅವರಲ್ಲಿ ಒಬ್ಬರೂ ಜಗಳಕ್ಕೆ ಬಂದಿಲ್ಲ. ಆವತ್ತಿನಿಂದ ನನ್ನ ಅಂಗಡಿಯಲ್ಲಿ ಪ್ರತಿ ಗಾಡಿಯ ಕಾಜಿನ ಮೇಲೂ ಅದರ ಕುಂದು ಮೊದಲು, ಗುಣ ಆಮೇಲೆ.

ಕಾಗದದ ವಿಷಯದಲ್ಲೂ ಅಷ್ಟೇ. ಮೊದಲೆಲ್ಲ ಗಾಡಿಯನ್ನು ಹೊಸ ಧಣಿಯ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ಗಾಡಿ ಕೈಯಿಂದ ಕೈಗೆ ಹೋಗುತ್ತಿತ್ತು. ಗಾಡಿ ಎಲ್ಲೋ ಇರುತ್ತಿತ್ತು, ದಂಡದ ನೋಟಿಸ್ ಹಳೆಯ ಧಣಿಯ ಮನೆಗೆ ಬರುತ್ತಿತ್ತು. 2023ರ ಏಪ್ರಿಲ್‌ನಿಂದ ಹೊಸ ನಿಯಮ ಬಂದಿದೆ. ನೋಂದಾಯಿತ ಡೀಲರಿಗೆ ಗಾಡಿ ಕೊಟ್ಟಾಗ ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ತಿಳಿಸಿದರೆ, ಅಲ್ಲಿಂದ ಮುಂದೆ ಆ ಗಾಡಿಯ ಹೊಣೆ ಡೀಲರದು. ಗಾಡಿ ಮಾರುವವರು ಇದನ್ನು ಕೇಳಿ ಪಡೆಯಬೇಕು. ಸಾಲ ಇದ್ದ ಗಾಡಿಯಾದರೆ ಫಾರ್ಮ್ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಿದ ಮೇಲೇ ಮುಂದಿನ ಮಾತು.

ಬೈಪಾಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡೂ ಕಡೆ ಅಗಲ ಹೆದ್ದಾರಿ ಇದ್ದರೂ ಹುಬ್ಬಳ್ಳಿ ಧಾರವಾಡದ ನಡುವಿನ ಬೈಪಾಸ್ ಬಹಳ ವರ್ಷ ಎರಡೇ ಲೇನಿನಲ್ಲಿ ಉಳಿಯಿತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳ ವಾಹನಕ್ಕೆ ಆದ ಅಪಘಾತ ನಮ್ಮ ಕಡೆ ಯಾರೂ ಮರೆತಿಲ್ಲ. ಗಾಡಿ ಮಾರುವವನಿಗೆ ಆ ರಸ್ತೆಯ ಹೊಣೆ ಇಲ್ಲವೇ? ಇದೆ ಅಂತ ಮಾಲಕರು ಮೊದಲಿಂದ ಹೇಳುತ್ತಿದ್ದರು. ನಮ್ಮ ಬ್ರೇಕ್‌ಡೌನ್ ಗಾಡಿಯ ಹುಡುಗರಿಗೆ ರಕ್ತ ನಿಲ್ಲಿಸುವುದು, ಗಾಯಾಳುವನ್ನು ಕುತ್ತಿಗೆ ಅಲುಗದಂತೆ ಹಿಡಿಯುವುದು ಕಲಿಸಿದ್ದರು. ನಾನೂ ಗಾಡಿ ಕೊಡುವಾಗ ಚಾವಿಯ ಜೊತೆ ಒಂದು ಮಾತು ಹೇಳುತ್ತೇನೆ: ಅಪಘಾತದಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಕೇಸು ಮೈಮೇಲೆ ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆದರಿ ಮುಂದೆ ಹೋಗಬೇಡಿ, ನಿಲ್ಲಿಸಿ.

ಈಗ ನನ್ನ ಅಂಗಡಿಯ ಗೋಡೆಯ ಮೇಲೂ ಪಟ್ಟಿ ಇದೆ. ಆಫೀಸಿನ ಹುಡುಗಿ ಕಾರ್ಡುಗಳನ್ನು ಮೊಬೈಲಿನಲ್ಲೂ ತುಂಬುತ್ತಾಳೆ, ಫೋಟೋ ಸೇರಿಸುತ್ತಾಳೆ. ಆದರೂ ಗೋಡೆಯ ಪಟ್ಟಿ ಬೇಕೇ ಬೇಕು, ಮೊಬೈಲ್ ನೋಡದ ವಯಸ್ಸಾದವರು ಅದರ ಮುಂದೆ ನಿಂತು ಬೆರಳಿಟ್ಟು ಓದುತ್ತಾರೆ. ಆಸ್ತಿ ಜಗಳ, ಗಂಡ ಹೆಂಡಿರ ಜಗಳ ನಾವು ಬರೆದುಕೊಳ್ಳುವುದಿಲ್ಲ. ಯಾವ ಪಕ್ಷದ ಬಾವುಟವೂ ಆ ಗೋಡೆಯ ಹತ್ತಿರ ಬರುವುದಿಲ್ಲ. ರೊಕ್ಕ ಅಂತೂ ಮುಟ್ಟುವ ಮಾತೇ ಇಲ್ಲ.

ಗದಗದ ಮುಳಗುಂದ ನಾಕಾ ಕಡೆ ಗ್ಯಾರೇಜ್ ಇಟ್ಟಿರುವ ನನ್ನ ಹಳೆಯ ಜೊತೆಗಾರ, ಅವನೂ ಮಾಲಕರ ಕೈಯಲ್ಲಿ ಪಳಗಿದವನು, ತಾನೂ ಇದನ್ನು ಶುರು ಮಾಡುತ್ತೇನೆ ಅಂತ ಬಂದ. ಖಾಲಿ ಕಾರ್ಡಿನ ಒಂದು ಕಟ್ಟು ಕೊಟ್ಟೆ. ಎಲ್ಲ ಒಮ್ಮೆಲೇ ಹಿಡಿಯಬೇಡ, ಬರೀ ಲೈಟಿನ ಕಂಬದಿಂದ ಶುರು ಮಾಡು ಅಂದೆ. ಅದಕ್ಕೆ ನಂಬರ್ ಇರುತ್ತದೆ, ಹತ್ತಿತೋ ಇಲ್ಲವೋ ರಾತ್ರಿ ಎಲ್ಲರಿಗೂ ಕಾಣುತ್ತದೆ, ಸಹಿ ಸಿಗುವುದು ಸುಲಭ. ಅವನ ಹತ್ತಿರ ಈಗ ಸಹಿ ಬಿದ್ದ ಕಾರ್ಡುಗಳು ಕೂಡುತ್ತಿವೆ. ಗಟಾರದ ಕೆಲಸವನ್ನೂ ಹಿಡಿಯಲೇ ಅಂತ ಮೊನ್ನೆ ಫೋನ್ ಮಾಡಿ ಕೇಳಿದ. ಮಳೆಗಾಲಕ್ಕೆ ಮೊದಲೇ ಹಿಡಿ, ಮೊದಲು ಆ ಗಟಾರ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ನಡೆದು ನೋಡಿ ಬಾ ಅಂತ ಹೇಳಿದ್ದೇನೆ.