ನರಗುಂದದ ರೈತ ಬಂಡಾಯಕ್ಕೆ ಗೀಗೀ ಪದ ಕಟ್ಟಿದ್ದು

ಪ್ರತಿ ವರ್ಷ ಜುಲೈ 21ರಂದು ನರಗುಂದದ ವೀರಗಲ್ಲಿಗೆ ಮಾಲೆ ಹಾಕಲು ರೈತರು ಸೇರುತ್ತಾರೆ. 1980ರಲ್ಲಿ ಅದೇ ದಿನ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿತ್ತು. ಆ ದಿನಕ್ಕೆಂದೇ ಒಂದು ಪದ ಕಟ್ಟುವ ಮನಸ್ಸು ಬಹಳ ದಿನದಿಂದ ಇತ್ತು. ಕ್ರಾಂತಿ, ಧಿಕ್ಕಾರ, ಕೆಂಪು ಸೂರ್ಯ ಯಾವ ಹೋರಾಟಕ್ಕಾದರೂ ಹೊಂದುವ ಮಾತುಗಳು. ನನಗೆ ಬೇಕಿದ್ದದ್ದು 1980ರ ಮಲಪ್ರಭಾ ಅಚ್ಚುಕಟ್ಟಿನ ಸಿಟ್ಟು.

ಅದಕ್ಕೇ ಅಂದು ಮೆರವಣಿಗೆಯಲ್ಲಿದ್ದ ಹಿರಿಯರನ್ನು ಹುಡುಕಿಕೊಂಡು ಹೋದೆ. ಒಬ್ಬ ಅಜ್ಜ ಅಂದರು: “ಕಾಲುವಿ ನೀರು ಹೊಲ ಕಂಡಿರಲಿಲ್ಲ ತಮ್ಮಾ, ಕರದ ನೋಟೀಸು ಮನಿ ಹುಡುಕ್ಕೊಂಡು ಬಂದಿತ್ತು.” ನೀರಾವರಿಯಿಂದ ಹೊಲದ ಬೆಲೆ ಏರಿತೆಂದು ಹಾಕುವ ಕರ, ಅಂದರೆ ಬೆಟರ್‌ಮೆಂಟ್ ಲೆವಿಯ ಅನ್ಯಾಯವನ್ನು ನಾನು ಓದಿದ ಯಾವ ಕರಪತ್ರವೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ಮರಳಿ ಮರಳಿ ಹಾಡುವ ಪಲ್ಲ ಅಲ್ಲೇ ಹುಟ್ಟಿತು:

ನೀರು ಬರಲಿಲ್ಲೋ ಹೊಲತನಕ
ಕರ ಬಂತೋ ನಮ್ಮ ಮನಿತನಕ

ಧಾಟಿ ಗೀಗೀ ಪದದ್ದು. ಸ್ವಾತಂತ್ರ್ಯ ಚಳವಳಿಯ ಮಾತನ್ನೂ ನಮ್ಮ ಕಡೆ ಊರೂರಿಗೆ ಮುಟ್ಟಿಸಿದ ಧಾಟಿ. ದಪ್ಪು, ತುಂತುಣಿ, ತಾಳ ಇದ್ದರಾಯಿತು, ಮೈಕು ಕೈಕೊಟ್ಟರೂ ಹಾಡು ನಿಲ್ಲದು. ಹಿಮ್ಮೇಳದವರು ‘ಗೀಯ ಗಾ’ ಎಳೆಯುವಷ್ಟರಲ್ಲಿ ಹಾಡುವವನಿಗೆ ಉಸಿರು ಸಿಗುತ್ತದೆ, ಕೇಳುವವನ ಬಾಯಿಗೆ ಸಾಲು ಬಂದಿರುತ್ತದೆ. ಒಂದುಸಿರಿಗೆ ಮುಗಿಯದ ಸಾಲುಗಳನ್ನೆಲ್ಲ ಮುರಿದೆ. ಪಲ್ಲವನ್ನು ಜನರ ಬಾಯಿಗೇ ಬಿಟ್ಟೆ. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ದಪ್ಪಿನ ತೊಗಲು ಸಡಿಲಾಗಿ ನಾದ ಸಾಯುತ್ತದೆ. ಜೋಳದ ಕಣಿಕೆ ಉರಿಸಿ, ಬೆಂಕಿಗೆ ತಿರುಗಿಸಿ ತಿರುಗಿಸಿ ಕಾಯಿಸಿಕೊಂಡೇ ಎದ್ದು ನಿಲ್ಲಬೇಕು.

ನುಡಿಗಳಲ್ಲಿ ಹೆಸರು ಊರಿನ ಸಮೇತ ಬರಬೇಕೆಂದು ಹಟ ಹಿಡಿದೆ. ಗೋಲಿಬಾರಿನಲ್ಲಿ ನರಗುಂದದಲ್ಲಿ ಬಿದ್ದವರು ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ. ಆ ಊರಿನವರು ಎದುರಿಗೇ ಕೂತಿರುತ್ತಾರೆ. ಊರಿನ ಹೆಸರು ಬಂದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ. ನರಗುಂದದಲ್ಲಿ ಪೊಲೀಸರ ಜೀವವೂ ಹೋಗಿತ್ತು. ಅದಕ್ಕೂ ಒಂದು ನುಡಿ ಇಟ್ಟೆ. ಬೇಡವೆಂದವರಿದ್ದರು, ನಾನು ತೆಗೆಯಲಿಲ್ಲ. ಅವರ ಮನೆಯಲ್ಲೂ ಅಂದು ಒಲೆ ಹೊತ್ತಿರಲಿಕ್ಕಿಲ್ಲ.

ಕೊನೆಯ ನುಡಿ ಮಹದಾಯಿಯದು, ಕಳಸಾ-ಬಂಡೂರಿ ಯೋಜನೆಯಿಂದ ಮಲಪ್ರಭೆಗೆ ತರಬೇಕೆಂದು ನಮ್ಮವರು ಕೇಳುತ್ತಿರುವ ನದಿನೀರಿನದು. ನ್ಯಾಯಮಂಡಳಿ 2018ರಲ್ಲೇ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದೆ, ಕಳಸಾ-ಬಂಡೂರಿ ಕಾಮಗಾರಿ ಮಾತ್ರ ಮುಗಿದಿಲ್ಲ. ಹಾಗಾಗಿ ಆ ನುಡಿಯನ್ನು ಬರೆದು ಮುಗಿಸಿಲ್ಲ. ಆಯಾ ವರ್ಷದ ಸ್ಥಿತಿ ನೋಡಿ ಎರಡು ಸಾಲು ಹೊಸದಾಗಿ ಕಟ್ಟಿ ಹಾಡುತ್ತೇವೆ.